ಧ್ಯಾನ ಮುಂದುವರಿದಿದೆಯೇ? ಗುರುತಿಸುವುದು ಹೇಗೆ?

ಪರೀಕ್ಷೆಯ ದಿನಗಳು ಹತ್ತಿರವಾದಂತೆ ಸಿಂದಗಿ ಕಡೆಯ ಅನೇಕ ಮನೆಗಳಲ್ಲಿ ನಸುಕಿನಲ್ಲೇ ದೀಪ ಹತ್ತುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಓದುವ ಮಕ್ಕಳು ಪುಸ್ತಕ ತೆರೆಯುವ ಮುನ್ನ ಹತ್ತು ನಿಮಿಷ ಕಣ್ಣು ಮುಚ್ಚಿ ಕೂಡುತ್ತಾರೆ. ಶಾಲೆಯಲ್ಲಿ ಗುರುಗಳು ಹೇಳಿರುತ್ತಾರೆ, ಇಲ್ಲವೇ ಯಾವುದೋ ಶಿಬಿರದಲ್ಲಿ ಕಲಿತಿರುತ್ತಾರೆ. ಮೊದಲ ವಾರ ಉತ್ಸಾಹವೇ ಉತ್ಸಾಹ. ಎರಡನೆಯ ವಾರಕ್ಕೆ ಒಂದು ದೂರು ಶುರುವಾಗುತ್ತದೆ: ‘ಮನಸ್ಸ ನಿಂದ್ರವಲ್ದು, ನನ್ನ ಕೈಲೆ ಆಗಾಂಗಿಲ್ಲ.’ ಒಳಮನೆಯಿಂದ ತಂದೆಯ ದನಿಯೂ ಕೇಳಿಬರುತ್ತದೆ: ‘ತಿಂಗಳಾತು ಕಣ್ಣ ಮುಚ್ಚಿ ಕುಂದರ್ಲಾಕ ಹತ್ತಿ. ಮಾರ್ಕ್ಸ್ ಏನರ ಏರ್ಯಾವನು?’

ಮಗ ಕೇಳುವುದೂ ತಂದೆ ಕೇಳುವುದೂ ಒಂದೇ ಪ್ರಶ್ನೆ. ಧ್ಯಾನ ಮುಂದುವರಿದಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಓಟಕ್ಕೆ ಗಡಿಯಾರವಿದೆ, ಗಣಿತಕ್ಕೆ ಅಂಕವಿದೆ, ಸಂಗೀತಕ್ಕೆ ಕೇಳುವ ಕಿವಿ ಇದೆ. ಧ್ಯಾನಕ್ಕೆ ಯಾವ ಅಳತೆಗೋಲು? ಇದು ತಿಳಿಯದೆ ಎಷ್ಟೋ ಮಕ್ಕಳು ಸರಿಯಾದ ದಾರಿಯಲ್ಲಿದ್ದರೂ ‘ಇದು ನನಗಲ್ಲ’ ಎಂದು ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ತೂಕಡಿಕೆಯನ್ನೇ ಸಮಾಧಿ ಎಂದು ತಿಳಿದು ಸಂತೋಷಪಡುತ್ತಾರೆ. ಎರಡರಿಂದಲೂ ನಷ್ಟವೇ.

ಅರ್ಜುನ ಕೇಳಿದ್ದೂ ಇದನ್ನೇ

ಈ ಪ್ರಶ್ನೆ ಇಂದಿನದಲ್ಲ. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಅರ್ಜುನ ಕೃಷ್ಣನನ್ನು ಕೇಳುವುದು ಇದನ್ನೇ. ಮನಸ್ಸು ಸ್ಥಿರವಾದವನನ್ನು ಗುರುತಿಸುವುದು ಹೇಗೆ, ಅವನು ಹೇಗೆ ಮಾತಾಡುತ್ತಾನೆ, ಹೇಗೆ ಕೂಡುತ್ತಾನೆ, ಹೇಗೆ ನಡೆಯುತ್ತಾನೆ ಎಂದು ಕೇಳುತ್ತಾನೆ. ಕೃಷ್ಣ ಕೊಟ್ಟ ಉತ್ತರವನ್ನು ಗಮನಿಸಬೇಕು. ಅವನು ಕಣ್ಣು ಮುಚ್ಚುವ ರೀತಿಯನ್ನಾಗಲಿ, ಎಷ್ಟು ಹೊತ್ತು ಅಲುಗದೆ ಕೂತ ಎಂಬುದನ್ನಾಗಲಿ ಹೇಳುವುದಿಲ್ಲ. ದುಃಖ ಬಂದಾಗ ಎಷ್ಟು ಕುಗ್ಗುತ್ತಾನೆ, ಸುಖ ಬಂದಾಗ ಎಷ್ಟು ಹಿಗ್ಗುತ್ತಾನೆ, ಸಿಟ್ಟು ಭಯಗಳು ಅವನನ್ನು ಎಷ್ಟು ಆಳುತ್ತವೆ ಎಂಬುದನ್ನು ನೋಡು ಎನ್ನುತ್ತಾನೆ. ಆಸನದ ಮೇಲಿನ ಹತ್ತು ನಿಮಿಷಕ್ಕಿಂತ ಉಳಿದ ದಿನವೇ ಅಳತೆ ಎಂದಾಯಿತು.

ಆರನೆಯ ಅಧ್ಯಾಯಕ್ಕೆ ಬಂದಾಗ ಅದೇ ಅರ್ಜುನ ನಮ್ಮ ಮಕ್ಕಳಂತೆಯೇ ದೂರು ಹೇಳುತ್ತಾನೆ. ಗಾಳಿಯನ್ನು ಹಿಡಿಯುವುದು ಎಷ್ಟು ಕಷ್ಟವೋ ಮನಸ್ಸನ್ನು ಹಿಡಿಯುವುದೂ ಅಷ್ಟೇ ಕಷ್ಟ ಎನ್ನುತ್ತಾನೆ. ಕೃಷ್ಣ ಗದರುವುದಿಲ್ಲ. ಹೌದು, ಕಷ್ಟವೇ ಎಂದು ಒಪ್ಪಿಕೊಂಡು ಅಭ್ಯಾಸದ ದಾರಿ ತೋರಿಸುತ್ತಾನೆ. ಗಾಂಡೀವ ಹಿಡಿದ, ಗುರಿ ತಪ್ಪದ ಅರ್ಜುನನಿಗೇ ಕಷ್ಟವಾಗಿದ್ದು ಹದಿನಾರು ವರ್ಷದ ಹುಡುಗನಿಗೆ ಒಂದು ವಾರದಲ್ಲಿ ಕೈಗೂಡಬೇಕೆಂದರೆ ಹೇಗೆ?

ಅನುಭವ ನಾಲ್ಕನೆಯ ಮೆಟ್ಟಿಲು

ಸಿಂದಗಿಯವರು ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಬಹಳ ದೂರ ಹೋಗಬೇಕಿಲ್ಲ. ಇದೇ ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ಬಸವಣ್ಣನವರು ಹುಟ್ಟಿದ ನೆಲ. ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಅದರಲ್ಲೇ ದೃಷ್ಟಿ ನೆಟ್ಟು ಕೂಡುವ ಅಜ್ಜ, ಅಜ್ಜಿಯರನ್ನು ಇಲ್ಲಿಯ ಎಷ್ಟೋ ಮಕ್ಕಳು ದಿನವೂ ನೋಡುತ್ತಾರೆ. ಹನ್ನೆರಡನೆಯ ಶತಮಾನದ ಶರಣರು ಈ ಸಾಧನೆಯ ಜತೆಗೆ ಅದರ ಮೆಟ್ಟಿಲುಗಳನ್ನೂ ಹೇಳಿಟ್ಟರು. ಅದೇ ಷಟ್‌ಸ್ಥಲ: ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಇದನ್ನು ವಿಸ್ತರಿಸಿ ಹೇಳಿದವರಲ್ಲಿ ಚೆನ್ನಬಸವಣ್ಣನವರ ಹೆಸರು ದೊಡ್ಡದು. ಶರಣರ ವಚನಗಳು ಕಟ್ಟುಗಳಿಂದ ಅಚ್ಚಿಗೆ ಬಂದದ್ದರಲ್ಲಿಯೂ ಈ ಜಿಲ್ಲೆಯ ಪಾಲು ಹಿರಿದು. 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ನೆಲೆಸಿದ್ದವರು. ಮುಂದೆ ವಚನ ಸಂಪುಟಗಳನ್ನು ಸಂಪಾದಿಸಿದ ಎಂ.ಎಂ. ಕಲಬುರ್ಗಿಯವರು ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ ಹುಟ್ಟಿದವರು.

ಷಟ್‌ಸ್ಥಲದ ಪ್ರತಿಯೊಂದು ಮೆಟ್ಟಿಲಿಗೂ ಒಂದೊಂದು ಗುಣವನ್ನು ಹೇಳಲಾಗಿದೆ. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ. ಈ ಪಟ್ಟಿಯನ್ನು ವಿದ್ಯಾರ್ಥಿಗಳು ಇನ್ನೊಮ್ಮೆ ನಿಧಾನವಾಗಿ ಓದಬೇಕು. ಅನುಭವ ನಾಲ್ಕನೆಯದು, ಆನಂದ ಐದನೆಯದು. ನಾವೋ ಮೊದಲ ದಿನವೇ ಆನಂದ ಬೇಕೆನ್ನುತ್ತೇವೆ. ಬರದಿದ್ದರೆ ಧ್ಯಾನವೇ ಸುಳ್ಳು ಎನ್ನುತ್ತೇವೆ.

ಷಟ್‌ಸ್ಥಲ ಒಂದು ಆಳವಾದ ಧಾರ್ಮಿಕ ಸಾಧನೆ. ಅದನ್ನು ಪರೀಕ್ಷೆಯ ತಯಾರಿಗೆ ಇಳಿಸಬಾರದು. ಆದರೆ ಅದರ ಕ್ರಮ ಯಾವ ಅಭ್ಯಾಸಿಗೂ ಪಾಠವಾಗಬಲ್ಲದು. ಬೆಳಿಗ್ಗೆ ಏಳುವಾಗ ‘ಇವತ್ತು ಬೇಡ’ ಎನ್ನುವ ಮನಸ್ಸನ್ನು ಒಪ್ಪಿಸಿ ಕೂಡುವುದು ಶ್ರದ್ಧೆ. ಮಳೆ ಬರಲಿ, ಬೀಗರು ಬರಲಿ, ಊರ ಜಾತ್ರೆ ಇರಲಿ, ಹತ್ತು ನಿಮಿಷ ತಪ್ಪಿಸದಿರುವುದು ನಿಷ್ಠೆ. ಕೂತಾಗ ಮನಸ್ಸು ಎಲ್ಲಿದೆ ಎಂಬ ಎಚ್ಚರ ಅವಧಾನ. ಈ ಮೂರರಲ್ಲಿ ಒಂದಿಷ್ಟು ಹೆಚ್ಚಳ ಕಂಡರೂ ಅದು ಪ್ರಗತಿಯೇ. ಮೂರು ತಿಂಗಳಿಂದ ಒಂದು ದಿನವೂ ತಪ್ಪಿಸದ ಹುಡುಗಿ ‘ನನಗೇನೂ ಅನುಭವ ಆಗಿಲ್ಲ’ ಎಂದು ಬೇಸರಪಟ್ಟುಕೊಂಡರೆ, ಆಕೆ ಆಗಲೇ ಎರಡನೆಯ ಮೆಟ್ಟಿಲು ಏರಿದ್ದಾಳೆಂದು ಯಾರಾದರೂ ಹೇಳಬೇಕು.

ಪತಂಜಲಿ ಮಹರ್ಷಿಗಳ ಯೋಗದಲ್ಲಿಯೂ ಇದೇ ಕ್ರಮ. ಅಷ್ಟಾಂಗಗಳಲ್ಲಿ ಧ್ಯಾನ ಏಳನೆಯದು. ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣೆ ಇವೆಲ್ಲ ಅದಕ್ಕೂ ಮೊದಲು. ಓಡಿದ ಮನಸ್ಸನ್ನು ಮತ್ತೆ ಮತ್ತೆ ಒಂದೇ ಕಡೆ ತಂದು ನಿಲ್ಲಿಸುವುದು ಆರನೆಯದಾದ ಧಾರಣೆ. ನಾವು ‘ಧ್ಯಾನ ಮಾಡುತ್ತೇವೆ’ ಎಂದು ಕೂತಾಗ ನಿಜವಾಗಿ ನಡೆಯುವುದು ಬಹುಮಟ್ಟಿಗೆ ಈ ಧಾರಣೆಯ ಅಭ್ಯಾಸವೇ. ಸಾಧನೆಗೆ ಬರುವ ಅಡ್ಡಿಗಳನ್ನೂ ಪತಂಜಲಿ ಎಣಿಸಿದ್ದಾರೆ. ಕಾಯಿಲೆ, ಆಲಸ್ಯ, ಸಂಶಯಗಳ ಜತೆಗೆ ನೆಲೆ ಸಿಗದಿರುವುದು, ಸಿಕ್ಕ ನೆಲೆ ಜಾರಿಹೋಗುವುದು ಕೂಡ ಆ ಪಟ್ಟಿಯಲ್ಲಿವೆ. ನಿನ್ನೆ ಚೆನ್ನಾಗಿ ಕೂತವರು ಇವತ್ತು ಚಡಪಡಿಸುವುದು ಎಲ್ಲ ಸಾಧಕರಿಗೂ ಇದ್ದದ್ದೇ ಎಂದು ಇದರಿಂದ ತಿಳಿಯುತ್ತದೆ.

ಮನಸ್ಸು ಓಡುವುದು ಸೋಲಲ್ಲ

‘ಮನಸ್ಸು ಓಡಿತು, ಆದ್ದರಿಂದ ಧ್ಯಾನ ಕೆಟ್ಟಿತು’ ಎಂಬುದು ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ. ಮನಸ್ಸಿನ ಸ್ವಭಾವವೇ ಓಡುವುದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವರು 2,250 ಮಂದಿಯನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಫೋನಿನ ಮೂಲಕ ‘ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ’ ಎಂದು ಕೇಳಿದರು. ಸುಮಾರು ಶೇಕಡಾ 47ರಷ್ಟು ಸಲ ಮನಸ್ಸು ಮಾಡುವ ಕೆಲಸದ ಮೇಲೆ ಇರಲಿಲ್ಲ! ನಮ್ಮ ನಿಮ್ಮೆಲ್ಲರ ದಿನದ ಅರ್ಧ ಹೀಗೆಯೇ ಕಳೆಯುತ್ತದೆ. ಧ್ಯಾನಕ್ಕೆ ಕೂತಾಗ ಮನಸ್ಸು ಹೊಸದಾಗಿ ಓಡಲು ಶುರುಮಾಡುವುದಿಲ್ಲ. ಮೊದಲಿನಿಂದಲೂ ಓಡುತ್ತಿದ್ದುದು ಈಗ ನಮ್ಮ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಹೊಸಬರಿಗೆ ‘ಮೊದಲಿಗಿಂತ ಚಂಚಲವಾಗಿದೆ’ ಎನಿಸುವುದಕ್ಕೆ ಇದೇ ಕಾರಣ. ಇದೂ ಪ್ರಗತಿಯ ಒಂದು ಗುರುತು.

ಅದೇ ದೇಶದ ಎಮೊರಿ ವಿಶ್ವವಿದ್ಯಾಲಯದಲ್ಲಿ ಅನುಭವಿ ಧ್ಯಾನಿಗಳು 14 ಮಂದಿಯನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ ಪರೀಕ್ಷಿಸಲಾಯಿತು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಉಸಿರನ್ನು ಗಮನಿಸುತ್ತಿರಬೇಕು, ಮನಸ್ಸು ಓಡಿದ್ದು ಗೊತ್ತಾದ ಕೂಡಲೇ ಗುಂಡಿ ಒತ್ತಿ ಮತ್ತೆ ಉಸಿರಿಗೆ ಮರಳಬೇಕು. ವರ್ಷಗಟ್ಟಲೆ ಅಭ್ಯಾಸ ಮಾಡಿದವರೂ ಗುಂಡಿ ಒತ್ತಿದರು. ಮನಸ್ಸು ಓಡುವುದು, ಓಡಿದ್ದು ತಿಳಿಯುವುದು, ಮರಳಿ ತರುವುದು, ನಿಲ್ಲುವುದು ಎಂಬ ನಾಲ್ಕು ಘಟ್ಟಗಳು ಒಂದರ ಹಿಂದೆ ಒಂದು ಸುತ್ತುತ್ತಲೇ ಇದ್ದವು. ಈ ನಾಲ್ಕೂ ಸೇರಿದ ಸುತ್ತನ್ನೇ ನಾವು ಧ್ಯಾನ ಎನ್ನುತ್ತೇವೆ.

ಹೊಲದಲ್ಲಿ ಎಡೆ ಹೊಡೆಯುವ ರೈತನನ್ನು ನೋಡಿ. ಎತ್ತು ಸಾಲು ಬಿಟ್ಟು ಪಕ್ಕದ ಜೋಳದ ಕಡೆ ಬಾಯಿ ಹಾಕುತ್ತದೆ. ಹಗ್ಗ ಜಗ್ಗಿ ಸಾಲಿಗೆ ತರುತ್ತಾನೆ. ಮತ್ತೆ ಬಿಡುತ್ತದೆ, ಮತ್ತೆ ತರುತ್ತಾನೆ. ‘ಎತ್ತು ಇಪ್ಪತ್ತು ಸಲ ಸಾಲು ಬಿಟ್ಟಿತು, ನಾನು ಒಕ್ಕಲುತನಕ್ಕೆ ಲಾಯಕ್ಕಿಲ್ಲ’ ಎಂದು ಯಾವ ರೈತನೂ ಅಳುತ್ತ ಕೂಡುವುದಿಲ್ಲ. ಅವನು ಎಷ್ಟು ಬೇಗ ಸಾಲಿಗೆ ತಂದೆ ಎಂಬುದನ್ನು ನೋಡುತ್ತಾನೆ. ಅಭ್ಯಾಸಿಯೂ ಅದನ್ನೇ ನೋಡಬೇಕು. ಮೊದಲು ಮನಸ್ಸು ಕ್ರಿಕೆಟ್ ಮೈದಾನಕ್ಕೆ ಹೋಗಿ ಇಡೀ ಪಂದ್ಯ ಆಡಿಬಂದ ಮೇಲೆ ‘ಅಯ್ಯೋ, ಧ್ಯಾನಕ್ಕೆ ಕೂತಿದ್ದೆನಲ್ಲ’ ಎಂದು ನೆನಪಾಗುತ್ತಿತ್ತು. ಈಗ ಮೊದಲ ಓವರಿನಲ್ಲೇ ನೆನಪಾಗುತ್ತಿದೆಯೇ? ನೆನಪಾದಾಗ ನಿಮ್ಮನ್ನು ನೀವೇ ಬೈದುಕೊಳ್ಳದೆ ಸುಮ್ಮನೆ ಮರಳುತ್ತೀರಾ? ಹಾಗಾದರೆ ಖಂಡಿತ ಮುಂದೆ ಬಂದಿದ್ದೀರಿ.

ಬೆಳಕು ಕಂಡರೆ?

ಕೆಲವರಿಗೆ ಕಣ್ಣು ಮುಚ್ಚಿದಾಗ ಬಣ್ಣದ ಬೆಳಕು ಕಾಣುತ್ತದೆ. ಮೈ ಹಗುರಾದಂತೆ, ಕೈ ಇಲ್ಲವೇ ಇಲ್ಲವೇನೋ ಎಂಬಂತೆ ಅನಿಸುತ್ತದೆ. ಗೆಳೆಯರ ಮುಂದೆ ಇದನ್ನು ಹೇಳಿಕೊಂಡರೆ ಕೇಳಿದವರಿಗೆ ಹೊಟ್ಟೆಕಿಚ್ಚು, ‘ನನಗೇಕೆ ಕಾಣಲಿಲ್ಲ’ ಎಂಬ ಕೊರಗು. ಇಂಥ ಅನುಭವ ಬರಬಹುದು, ಬರದಿರಬಹುದು. ಬಂದರೆ ಹೆಮ್ಮೆ ಬೇಡ, ಬರದಿದ್ದರೆ ಚಿಂತೆ ಬೇಡ. ಪತಂಜಲಿಯವರಂತೂ ದೊಡ್ಡ ಸಿದ್ಧಿಗಳನ್ನೂ ಸಮಾಧಿಯ ದಾರಿಗೆ ಅಡ್ಡಿ ಎಂದೇ ಎಣಿಸಿದ್ದಾರೆ.

ಅಲ್ಲಮಪ್ರಭು ಮತ್ತು ಗೋರಕ್ಷನ ಕಥೆ ನಮ್ಮಲ್ಲಿ ಪ್ರಸಿದ್ಧವಾಗಿದೆ. ಗೋರಕ್ಷ ಸಾಧನೆಯಿಂದ ವಜ್ರಕಾಯ ಪಡೆದವನು. ಕತ್ತಿಯಿಂದ ಹೊಡೆದರೆ ಖಣಿಲ್ ಎಂಬ ಸದ್ದಾಯಿತೇ ವಿನಾ ಮೈಗೆ ಗಾಯವಾಗಲಿಲ್ಲ. ಅಲ್ಲಮನಿಗೆ ಹೊಡೆದಾಗ ಕತ್ತಿ ಬಯಲಿನಲ್ಲಿ ಹಾಯ್ದಂತೆ ಹಾಯ್ದುಹೋಯಿತು. ಸದ್ದೂ ಇಲ್ಲ, ತಡೆಯೂ ಇಲ್ಲ. ಸದ್ದು ಮಾಡುವ ಸಾಧನೆಯಲ್ಲಿ ‘ನಾನು’ ಇನ್ನೂ ಗಟ್ಟಿಯಾಗಿ ಉಳಿದಿದೆ ಎಂಬುದು ಆ ಕಥೆಯ ತಿರುಳು. ‘ನಾನು ದೊಡ್ಡ ಧ್ಯಾನಿ’ ಎಂಬ ಭಾವನೆ ಬೆಳೆಯುತ್ತಿದ್ದರೆ ಸಾಧನೆ ಹಿಂದಕ್ಕೆ ಸರಿಯುತ್ತಿದೆ ಎಂದೇ ತಿಳಿಯಬೇಕು.

ಧ್ಯಾನವೋ, ತೂಕಡಿಕೆಯೋ?

ವಿದ್ಯಾರ್ಥಿಗಳನ್ನು ಹೆಚ್ಚು ಮೋಸಗೊಳಿಸುವುದು ಮಂಪರು. ರಾತ್ರಿ ಹನ್ನೆರಡರವರೆಗೆ ಓದಿ, ನಸುಕಿನ ನಾಲ್ಕಕ್ಕೆ ಎದ್ದು ಕೂತವನಿಗೆ ಎರಡೇ ನಿಮಿಷದಲ್ಲಿ ಮನಸ್ಸು ‘ಶಾಂತ’ವಾಗುತ್ತದೆ. ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ. ಇದು ನಿದ್ದೆ.

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲಿ 1966ರಿಂದ ಟಿಬೆಟನ್ ವಸಾಹತು ಇದೆ. ಅಲ್ಲಿ ದೊಡ್ಡ ಬೌದ್ಧ ವಿಹಾರಗಳಿವೆ. ಟಿಬೆಟನ್ ಸಂಪ್ರದಾಯದಲ್ಲಿ ಧ್ಯಾನದ ಒಂಬತ್ತು ಹಂತಗಳನ್ನು ತೋರಿಸುವ ಒಂದು ಸೊಗಸಾದ ಚಿತ್ರವಿದೆ. ಆನೆ ಎಂದರೆ ಮನಸ್ಸು. ಅದನ್ನು ಎಳೆದುಕೊಂಡು ಹೋಗುವ ಮಂಗ ಎಂದರೆ ಚಂಚಲತೆ. ಹಿಂದೆ ಓಡುವ ಭಿಕ್ಷುವಿನ ಕೈಯಲ್ಲಿ ಹಗ್ಗ ಮತ್ತು ಅಂಕುಶ, ಅಂದರೆ ನೆನಪು ಮತ್ತು ಎಚ್ಚರ. ದಾರಿ ಸುತ್ತುತ್ತ ಮೇಲೇರಿದಂತೆ ಕಪ್ಪು ಆನೆ ತಲೆಯಿಂದ ಮೊದಲ್ಗೊಂಡು ಸ್ವಲ್ಪ ಸ್ವಲ್ಪವೇ ಬೆಳ್ಳಗಾಗುತ್ತದೆ. ಸ್ವಲ್ಪ ಮೇಲೆ ಹೋದ ನಂತರ ಆನೆಯ ಬೆನ್ನ ಮೇಲೆ ಒಂದು ಮೊಲ ಕಾಣಿಸಿಕೊಳ್ಳುತ್ತದೆ. ಆ ಮೊಲವೇ ಸೂಕ್ಷ್ಮವಾದ ಮಂಪರು. ಶುರುವಿನಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ. ಒಂದಿಷ್ಟು ನೆಲೆ ನಿಂತ ಮೇಲೆ ಮಾತ್ರ ಗುರುತು ಸಿಗುತ್ತದೆ.

ವ್ಯತ್ಯಾಸ ತಿಳಿಯುವ ಉಪಾಯ ಸುಲಭ. ಎದ್ದ ಮೇಲೆ ತಲೆ ತಿಳಿಯಾಗಿ, ಓದಲು ಮನಸ್ಸಾದರೆ ಅದು ಧ್ಯಾನ. ತಲೆ ಭಾರವಾಗಿ, ಮತ್ತೆ ಮಲಗೋಣ ಎನಿಸಿದರೆ ಅದು ತೂಕಡಿಕೆ. ಇಂಥ ಹುಡುಗನಿಗೆ ಬೇಕಾದುದು ಇನ್ನೂ ಒಂದೆರಡು ಗಂಟೆ ನಿದ್ದೆ. ಹಿತಮಿತವಾದ ಊಟ, ನಿದ್ದೆ ಇಲ್ಲದವನಿಗೆ ಯೋಗ ಕೂಡಿಬರುವುದಿಲ್ಲ ಎಂಬುದು ಗೀತೆಯ ಅಭಿಪ್ರಾಯವೂ ಹೌದು.

ಅಂಕಗಳ ಮಾತು

ಈಗ ತಂದೆ ತಾಯಿಗಳ ಪ್ರಶ್ನೆಗೆ ಬರೋಣ. ಧ್ಯಾನದಿಂದ ಅಂಕ ಹೆಚ್ಚುತ್ತದೆಯೇ? 2013ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ 48 ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಎರಡು ವಾರ ಗಮನದ ತರಬೇತಿ ಪಡೆದವರು ಓದಿ ಅರ್ಥಮಾಡಿಕೊಳ್ಳುವ ಪರೀಕ್ಷೆಯಲ್ಲಿ ಮೊದಲಿಗಿಂತ ಹೆಚ್ಚು ಅಂಕ ಪಡೆದರು. ಬಹಳ ಬೇಗ ಗಮನ ತಪ್ಪುತ್ತಿದ್ದವರಿಗೇ ಹೆಚ್ಚು ಲಾಭವಾಯಿತು. ಇದನ್ನು ಓದಿ ಹಿಗ್ಗುವ ಮುನ್ನ ಇನ್ನೊಂದನ್ನೂ ತಿಳಿಯಬೇಕು. ಇಂಗ್ಲೆಂಡಿನ ತಜ್ಞರ ನೇತೃತ್ವದಲ್ಲಿ 80ಕ್ಕೂ ಹೆಚ್ಚು ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ದೊಡ್ಡ ಅಧ್ಯಯನವೊಂದು ನಡೆದು 2022ರಲ್ಲಿ ಫಲಿತಾಂಶ ಪ್ರಕಟವಾಯಿತು. ತರಗತಿಯಲ್ಲಿ ಧ್ಯಾನದ ಪಾಠ ಕೇಳಿದ ಮಕ್ಕಳ ಮನಸ್ಸಿನ ಆರೋಗ್ಯ ಉಳಿದ ಮಕ್ಕಳಿಗಿಂತ ಉತ್ತಮವಾಗಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ.

ಇವೆರಡನ್ನೂ ಕೂಡಿಸಿ ನೋಡಿದರೆ ಹಿರಿಯರಿಗೆ ಒಂದು ಪಾಠವಿದೆ. ಮೇಲಿನಿಂದ ಹೇರಿದ ಧ್ಯಾನ ಫಲ ಕೊಡುತ್ತದೆಂದು ನಂಬಿ ಕೂಡುವ ಹಾಗಿಲ್ಲ. ಮಗು ತಾನೇ ಒಪ್ಪಿ ಕೂತರೆ ಓದಿನಲ್ಲಿ ಗಮನ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬಹುದು. ಅದು ಅಂಕವಾಗುವುದೋ ಇಲ್ಲವೋ ಓದು, ನಿದ್ದೆ, ಆರೋಗ್ಯ, ಪ್ರಶ್ನೆಪತ್ರಿಕೆ ಎಲ್ಲವನ್ನೂ ಅವಲಂಬಿಸಿದೆ. ಫಲಿತಾಂಶ ಬಂದ ದಿನ ‘ಇಷ್ಟು ಧ್ಯಾನ ಮಾಡಿ ಇಷ್ಟೇ ಏನು?’ ಎಂದು ಕೇಳಿದರೆ ಆ ಮಗು ಮತ್ತೆ ಎಂದೂ ಕಣ್ಣು ಮುಚ್ಚಿ ಕೂಡುವುದಿಲ್ಲ.

ಮನೆಯವರೇ ಸಾಕ್ಷಿ

ನಿಜವಾದ ಗುರುತುಗಳು ಮನೆಯಲ್ಲಿ, ಸಣ್ಣ ಸಣ್ಣ ಸಂದರ್ಭಗಳಲ್ಲಿ ಕಾಣುತ್ತವೆ. ತಮ್ಮ ಪೆನ್ನು ಮುಟ್ಟಿದರೆ ಕೈ ಎತ್ತುತ್ತಿದ್ದವನು ಈಗ ಒಂದು ಕ್ಷಣ ತಡೆಯುತ್ತಾನೆ. ಸಿಟ್ಟು ಬರುವುದೇ ಇಲ್ಲ ಎಂದಲ್ಲ, ಬಂದ ಸಿಟ್ಟು ಬೇಗ ಇಳಿಯುತ್ತದೆ. ಕಿರುಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಎರಡು ದಿನ ಊಟ ಬಿಡುತ್ತಿದ್ದವಳು ಸಂಜೆಗೆ ಉತ್ತರಪತ್ರಿಕೆ ತೆಗೆದು ಎಲ್ಲಿ ತಪ್ಪಿತೆಂದು ನೋಡುತ್ತಾಳೆ. ಓದುತ್ತ ಕೂತಾಗ ಮೊಬೈಲ್ ಸದ್ದಾದರೆ ಕೈ ತಾನಾಗಿ ಹೋಗುವ ಮುನ್ನವೇ ‘ಹೋಗುತ್ತಿದೆ’ ಎಂದು ತಿಳಿಯುತ್ತದೆ. ಅಜ್ಜಿ ಹೇಳಿದ್ದನ್ನೇ ಮೂರನೆಯ ಸಲ ಹೇಳಿದಾಗ ಕೇಳಿಸಿಕೊಳ್ಳುವ ತಾಳ್ಮೆ ಬಂದಿದೆ. ಇವನ್ನು ಅಭ್ಯಾಸಿಗಿಂತ ಮೊದಲು ಮನೆಯವರೇ ಕಾಣುತ್ತಾರೆ. ‘ಈಗೀಗ ಸಿಟ್ಟ ಕಡಿಮಿ ಮಾಡ್ಯಾನ್ರಿ’ ಎಂದು ತಾಯಿ ನೆರೆಮನೆಯಲ್ಲಿ ಹೇಳಿದರೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇರೆ ಬೇಕೆ?

ಈ ಜಿಲ್ಲೆಯ ಜನ ಇದರ ಪೂರ್ಣರೂಪವನ್ನು ಕಣ್ಣಾರೆ ಕಂಡಿದ್ದಾರೆ. ಬಿಜ್ಜರಗಿಯಲ್ಲಿ ಹುಟ್ಟಿ, 2023ರ ಜನವರಿ 2ರಂದು ಕಾಲವಾದ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ಕೇಳಲು ನಸುಕಿನಲ್ಲೇ ಸಾವಿರಾರು ಜನ ಸೇರುತ್ತಿದ್ದರು. ಅವರು ತೊಡುತ್ತಿದ್ದ ಅಂಗಿಗೆ ಕಿಸೆ ಇರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನು ವಿನಯದಿಂದಲೇ ಬೇಡವೆಂದರು. ತಮ್ಮ ನಂತರ ಸ್ಮಾರಕ ಕಟ್ಟಬಾರದೆಂದು ಬರೆದಿಟ್ಟರು. ಅವರ ಧ್ಯಾನ ಎಷ್ಟು ಆಳವಾಗಿತ್ತೆಂದು ಯಾರೂ ಅಳೆದಿಲ್ಲ. ಮೆಲುದನಿಯ ಮಾತು, ಬೇಡದ್ದನ್ನು ಬೇಡವೆನ್ನುವ ಸರಳತೆ, ಎದುರು ಕೂತವರನ್ನು ಚಿಕ್ಕವರು ದೊಡ್ಡವರು ಎನ್ನದೆ ಕಾಣುವ ರೀತಿ, ಇವೇ ಜನ ಕಂಡ ಗುರುತುಗಳು.

ಒಂದು ಎಚ್ಚರಿಕೆ

ಕೆಲವರಿಗೆ ಕಣ್ಣು ಮುಚ್ಚಿ ಕೂತಾಗ ಹಳೆಯ ದುಃಖ, ಭಯ ಉಕ್ಕಿಬರುತ್ತದೆ. ಒಂದೆರಡು ದಿನ ಹೀಗಾದರೆ ಹೆದರಬೇಕಿಲ್ಲ. ಆದರೆ ಎದೆಬಡಿತ, ನಿದ್ದೆಗೇಡು, ಯಾರೊಡನೆಯೂ ಬೆರೆಯದಿರುವುದು, ಬದುಕೇ ಬೇಡವೆಂಬ ಯೋಚನೆ ಕಂಡುಬಂದರೆ ‘ಇನ್ನೂ ಹೆಚ್ಚು ಧ್ಯಾನ ಮಾಡು’ ಎಂದು ಒತ್ತಾಯಿಸಬಾರದು. ಧ್ಯಾನ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮನಸ್ ಸಹಾಯವಾಣಿಗೆ (14416) ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ತಿಂಗಳಿಗೊಮ್ಮೆ ಕೇಳಿಕೊಳ್ಳಿ

ಬಿತ್ತಿದ ಕಾಳನ್ನು ದಿನವೂ ಅಗೆದು ನೋಡಿದರೆ ಮೊಳಕೆ ಬರುವುದಿಲ್ಲ. ಧ್ಯಾನದ ಲೆಕ್ಕವನ್ನೂ ದಿನವೂ ಹಾಕಬೇಡಿ. ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಕೂತ ದಿನಗಳಿಗೆ ಒಂದು ಗೆರೆ ಎಳೆಯಿರಿ, ಸಾಕು. ತಿಂಗಳ ಕೊನೆಗೆ ಈ ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರ ಬರೆಯಿರಿ:

1. ಈ ತಿಂಗಳು ಎಷ್ಟು ದಿನ ಕೂತೆ? ಹಿಂದಿನ ತಿಂಗಳಿಗಿಂತ ಹೆಚ್ಚೇ?

2. ಕೂಡಲು ಯಾರಾದರೂ ನೆನಪಿಸಬೇಕಾಯಿತೇ, ನಾನೇ ಕೂತೆನೇ?

3. ಮನಸ್ಸು ಓಡಿದ್ದು ಮೊದಲಿಗಿಂತ ಬೇಗ ತಿಳಿಯುತ್ತಿದೆಯೇ? ವಾರಕ್ಕೊಮ್ಮೆ ಐದು ನಿಮಿಷ ಉಸಿರುಗಳನ್ನು ಒಂದರಿಂದ ಒಂಬತ್ತರವರೆಗೆ ಎಣಿಸಿ, ಮತ್ತೆ ಒಂದರಿಂದ ಶುರುಮಾಡಿ. ಎಣಿಕೆ ತಪ್ಪಿದಾಗಲೂ ಒಂದಕ್ಕೆ ಮರಳಿ. ಎಷ್ಟು ಸಲ ತಪ್ಪಿತೆಂದು ಬರೆದಿಡಿ. ವಿಜ್ಞಾನಿಗಳೂ ಗಮನವನ್ನು ಅಳೆಯಲು ಇಂಥದೇ ಎಣಿಕೆಯನ್ನು ಬಳಸಿದ್ದಾರೆ.

4. ಎದ್ದ ಮೇಲೆ ತಲೆ ತಿಳಿಯಾಗಿರುತ್ತದೆಯೇ, ಭಾರವಾಗಿರುತ್ತದೆಯೇ?

5. ಸಿಟ್ಟು, ಬೇಸರ ಬಂದಾಗ ಇಳಿಯಲು ಎಷ್ಟು ಹೊತ್ತು ಬೇಕಾಯಿತು?

6. ನನ್ನಲ್ಲಿ ಏನಾದರೂ ಬದಲಾವಣೆ ಕಂಡಿತೇ ಎಂದು ಮನೆಯವರೊಬ್ಬರನ್ನು ಕೇಳಿದೆನೇ? ಏನು ಹೇಳಿದರು?

ಆರರಲ್ಲಿ ಎರಡಕ್ಕೆ ಸಮಾಧಾನದ ಉತ್ತರ ಬಂದರೂ ಸಾಕು, ಅಭ್ಯಾಸ ಸಾಗಿದೆ ಎಂದು ತಿಳಿದು ಮುಂದುವರಿಸಿ. ಒಂದಕ್ಕೂ ಬರದಿದ್ದರೆ ಹೊತ್ತನ್ನು ಹತ್ತು ನಿಮಿಷದಿಂದ ಐದಕ್ಕೆ ಇಳಿಸಿ, ನಿದ್ದೆ ಸರಿಪಡಿಸಿಕೊಂಡು ಮತ್ತೆ ಶುರುಮಾಡಿ. ತಂದೆ ತಾಯಿಗಳು ಈ ನೋಟ್‌ಬುಕ್ಕನ್ನು ಪ್ರಗತಿಪತ್ರದಂತೆ ತೆರೆದು ನೋಡದಿರಲಿ. ಅದು ಮಗುವಿನ ಸ್ವಂತದ್ದು. ಅವರು ಮಾಡಬೇಕಾದ ಕೆಲಸ ಬೇರೆ ಇದೆ: ಆ ಹತ್ತು ನಿಮಿಷ ಟಿ.ವಿ. ಆರಿಸುವುದು. ಸಾಧ್ಯವಾದರೆ ಮಗುವಿನ ಪಕ್ಕದಲ್ಲಿ ತಾವೂ ಕೂಡುವುದು.